ಎಲ್ಲಿ ಕೈಬಿಚ್ಚಬೇಕು, ಎಲ್ಲಿ ಕೈ ಹಿಡಿಯಬೇಕು



ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮ ತಂದೆ ಕಟ್ಟಿಸಿದ್ದ ಮನೆಯನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾದಾಗ, ಹಳೆ ಮನೆ ಒಡೆಯುವ ಕೆಲಸದವರೊಬ್ಬರು ನೋಡಿಕೊಂಡು ಹೋಗಲು ಬಂದರು. ಬಂದವರು ಮೊದಲು ಮುಂಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿದರು. ಹೊನ್ನೆ ಮರ, ಗಟ್ಟಿಯಾದ ಸದ್ದು ಬಂತು. ಕಿಟಕಿಯ ಕಬ್ಬಿಣದ ಸರಳುಗಳನ್ನು ಹಿಡಿದು ನೋಡಿದರು. ಹಿತ್ತಲ ಬಚ್ಚಲಮನೆಗೆ ಹೊದಿಸಿದ್ದ ಚಪ್ಪಡಿ ಕಲ್ಲುಗಳನ್ನು ಎಣಿಸಿದರು. ಪಾಯಕ್ಕೆ ಸೈಜುಗಲ್ಲು ಹಾಕಿದ್ದಾರೆಯೇ ಎಂದು ಕೇಳಿ ತಿಳಿದುಕೊಂಡರು. ಎಲ್ಲಕ್ಕೂ ಮನಸ್ಸಿನಲ್ಲೇ ಬೆಲೆ ಕಟ್ಟುತ್ತಿದ್ದರು. ಆಮೇಲೆ ನಾನು ಅವರನ್ನು ಹಾಲಿಗೆ ಕರೆದುಕೊಂಡು ಹೋಗಿ, ತಂದೆಯವರ ಕಾಲದ ನಂತರ ನಾವು ಹಾಕಿಸಿದ್ದ ಟೈಲ್ಸನ್ನೂ ಚಾವಣಿಯ ಪಿಒಪಿ ಕೆಲಸವನ್ನೂ ತೋರಿಸಿದೆ. ಆ ಮನೆಗೆ ನಮ್ಮ ಕೈಯಿಂದ ಹೆಚ್ಚು ದುಡ್ಡು ಹೋಗಿದ್ದು ಅದಕ್ಕೇ. ಅವರು ತಲೆಯೆತ್ತಿ ಒಮ್ಮೆ ನೋಡಿ ಹೇಳಿದರು: "ಇದಕ್ಕೇನೂ ಬರಲ್ಲ ಸಾರ್. ಇದನ್ನ ತುಂಬ್ಕೊಂಡು ಹೋಗೋ ಲಾರಿ ಬಾಡಿಗೆ ನಮ್ಮ ಮೇಲೇ ಬೀಳುತ್ತೆ."

ಮೂವತ್ತು ವರ್ಷ ಕಟ್ಟಡದ ಕೆಲಸದಲ್ಲೇ ಇದ್ದವನು ನಾನು. ಮನೆ ಕಟ್ಟುವವರಿಗೆ ಹೇಳಬೇಕಾದ ಮಾತು ಇಷ್ಟು ನೇರವಾಗಿ ಕಿವಿಗೆ ಬಿದ್ದಿದ್ದು, ಮನೆ ಒಡೆಯುವವರ ಬಾಯಿಂದ. ಯಾವುದಕ್ಕೆ ಕೈಬಿಚ್ಚಬೇಕು, ಯಾವುದಕ್ಕೆ ಕೈ ಹಿಡಿಯಬೇಕು ಎಂಬುದನ್ನು ಇವತ್ತು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ.

ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಶುರುವಾದ ಬಡಾವಣೆ. ನಮ್ಮ ತಂದೆಯಂಥ ಕಾರ್ಖಾನೆ ನೌಕರರು ಪಿಎಫ್ ಸಾಲ ತೆಗೆದು, ಹೆಂಡತಿಯ ಬಳೆ ಅಡವಿಟ್ಟು, ಮೊದಲು ಎರಡು ಕೋಣೆ, ಕೈಯಲ್ಲಿ ದುಡ್ಡಾದಾಗ ಇನ್ನೊಂದು ಕೋಣೆ ಎಂದು ಕಟ್ಟಿಕೊಂಡ ಮನೆಗಳು ಇಲ್ಲಿ ಬೇಕಾದಷ್ಟಿದ್ದವು. ಈಗ ಅದೇ ಸೈಟುಗಳಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಹೊಸ ಮನೆ ಎಬ್ಬಿಸುತ್ತಿದ್ದಾರೆ. ವಿಜಯನಗರ, ಬಸವೇಶ್ವರನಗರದಲ್ಲೂ ಇದೇ ನಡೆದಿದೆ. ಕೆಂಗೇರಿ, ಉಳ್ಳಾಲದ ಕಡೆ ಹೊಸ ಬಡಾವಣೆಗಳಲ್ಲಿ ಮೊದಲ ಮನೆ ಕಟ್ಟುವವರಿದ್ದಾರೆ. ಸೈಟು ಅಡಿ ಲೆಕ್ಕದಲ್ಲಿ ಹೆಚ್ಚಾಗಿ ಮೂವತ್ತು ನಲವತ್ತು, ಇಲ್ಲವೇ ಇಪ್ಪತ್ತು ಮೂವತ್ತು. ಆಸೆ ಮಾತ್ರ ಎಲ್ಲರದ್ದೂ ಅರವತ್ತು ನಲವತ್ತರಷ್ಟು. ಆ ಆಸೆಯನ್ನು ನಾನು ತಪ್ಪು ಎನ್ನುವುದಿಲ್ಲ. ಬಹಳ ಜನಕ್ಕೆ ಜೀವನದಲ್ಲಿ ಒಂದೇ ಸಲ ಬರುವ ಕೆಲಸ ಅದು.

ಖರ್ಚು ಮಾಡುವ ಮುಂಚೆ ಪ್ರತಿಯೊಂದು ವಸ್ತುವಿನ ಮುಂದೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಇದನ್ನು ಮನೆ ಒಡೆಯದೆ ಬದಲಾಯಿಸಲು ಆಗುತ್ತದೆಯೇ? ಆಗುವುದಿಲ್ಲ ಎಂದಾದರೆ ಅಲ್ಲಿ ಕೈಬಿಚ್ಚಿ. ಆಗುತ್ತದೆ ಎಂದಾದರೆ ಸದ್ಯಕ್ಕೆ ಸಾದಾ ಇರಲಿ. ಪೇಂಟ್ ಬದಲಾಯಿಸಬಹುದು, ಪಾಯ ಬದಲಾಯಿಸಲಾಗದು. ದೀಪ ಬದಲಾಯಿಸಬಹುದು, ಗೋಡೆಯೊಳಗಿನ ಪೈಪು ಬದಲಾಯಿಸಬೇಕಾದರೆ ಗೋಡೆಯನ್ನೇ ಒಡೆಯಬೇಕು.

ಮೊದಲು ಕೈ ಹಿಡಿಯಬೇಕಾದದ್ದು ಅಳತೆಯಲ್ಲಿ. ಬೆಂಗಳೂರಿನಲ್ಲಿ ಮನೆಯನ್ನು ಚದರದ ಲೆಕ್ಕದಲ್ಲಿ ಮಾತಾಡುತ್ತೇವೆ. ಹತ್ತಡಿಗೆ ಹತ್ತಡಿ, ನೂರು ಚದರಡಿ ಸೇರಿದರೆ ಒಂದು ಚದರ. ಒಂದು ಚದರದ ಖರ್ಚು ಇವತ್ತು ಲಕ್ಷಗಳಲ್ಲಿದೆ. ವರ್ಷಕ್ಕೆ ಎರಡು ಸಲ ಬರುವ ನೆಂಟರಿಗೆಂದು ಒಂದು ಕೋಣೆ, ಆ ಕೋಣೆಗೊಂದು ಬಾತ್‌ರೂಮು, ಮಹಡಿಯಲ್ಲಿ ಇನ್ನೊಂದು ಹಾಲು ಎಂದು ಸೇರಿಸುತ್ತಾ ಹೋಗುತ್ತೇವೆ. ಕಟ್ಟುವಾಗಿನ ಖರ್ಚು ಒಂದು ಸಲದ್ದು, ಗುಡಿಸಿ ಒರೆಸುವ ಕೆಲಸ ಪ್ರತಿದಿನದ್ದು. ಪ್ಲಾನಿನಲ್ಲಿ ಒಂದೇ ಒಂದು ಚದರ ಕಡಿಮೆ ಮಾಡಿದರೆ, ಮಣ್ಣಿನ ಪರೀಕ್ಷೆ, ಬಾತ್‌ರೂಮುಗಳ ವಾಟರ್‌ಪ್ರೂಫಿಂಗ್, ಒಳ್ಳೆಯ ವೈರು, ಇವಕ್ಕೆಲ್ಲ ದುಡ್ಡು ಅಲ್ಲೇ ಹುಟ್ಟುತ್ತದೆ. ಉಳಿತಾಯ ಅಂದರೆ ಕಳಪೆ ಸಾಮಾನು ಕೊಳ್ಳುವುದಲ್ಲ, ಬೇಡದ್ದನ್ನು ಕಟ್ಟದೆ ಇರುವುದು.

ಇನ್ನು ಕೈಬಿಚ್ಚುವ ಮಾತು. ಅದು ನೆಲದ ಕೆಳಗಿಂದಲೇ ಶುರುವಾಗಬೇಕು. ಪಶ್ಚಿಮ ಬೆಂಗಳೂರಿನ ಮಣ್ಣು ಎಲ್ಲ ಕಡೆ ಒಂದೇ ಥರ ಇಲ್ಲ. ಎತ್ತರದ ಜಾಗದಲ್ಲಿ ಕೆಲವೇ ಅಡಿ ಅಗೆದರೆ ಗಟ್ಟಿ ಮಣ್ಣು ಸಿಗಬಹುದು. ವೃಷಭಾವತಿಯ ಕಣಿವೆ, ರಾಜಕಾಲುವೆ, ಕೆರೆಯ ಅಂಗಳ, ಇವುಗಳ ಹತ್ತಿರ ಹಾಗಲ್ಲ. ತಗ್ಗಿಗೆ ಮಣ್ಣು ತುಂಬಿಸಿ ಮಟ್ಟ ಮಾಡಿದ ಸೈಟಾಗಿದ್ದರೆ, ಮೇಲೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಾವು ದಿನವೂ ಹತ್ತಿ ಇಳಿಯುವ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಾಗಿತ್ತು ಅಲ್ಲವೇ? ಪಕ್ಕದ ಮನೆಯವರು ಐದಡಿ ಪಾಯ ತೆಗೆದರು, ನಮಗೂ ಐದಡಿ ಸಾಕು ಎನ್ನಬೇಡಿ. ಮಣ್ಣಿನ ಪರೀಕ್ಷೆ ಮಾಡಿಸಿ. ಮುಂಬಾಗಿಲ ಕೆತ್ತನೆಗೆ ಕೊಡುವ ಹಣದಲ್ಲಿ ಸ್ವಲ್ಪ ಇಲ್ಲಿಗೆ ತಿರುಗಿಸಿದರೂ ಸಾಕು. ಮುಂದೆ ಎಷ್ಟು ಮಹಡಿ ಏರಿಸುತ್ತೀರಿ ಎಂಬುದನ್ನೂ ಈಗಲೇ ಇಂಜಿನಿಯರಿಗೆ ನಿಜ ಹೇಳಿ. ಎರಡಕ್ಕೆಂದು ಹಾಕಿದ ಪಾಯದ ಮೇಲೆ ನಾಲ್ಕು ಏರಿಸುವುದು ನಮ್ಮ ಮಕ್ಕಳ ತಲೆಯ ಮೇಲೆ ಕಲ್ಲು ತೂಗುಹಾಕಿದ ಹಾಗೆ.

ನೆಲದ ಮಟ್ಟದ ಬಗ್ಗೆಯೂ ಒಂದು ಮಾತು. ನಮ್ಮ ಹಳೆ ಮನೆಗೆ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದೆವು. ಡಾಂಬರಿನ ಮೇಲೆ ಡಾಂಬರು ಬಿದ್ದು, ಕೊನೆಗೆ ಒಂದೇ ಮೆಟ್ಟಿಲು ಉಳಿದಿತ್ತು. ಹಳೆ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ರಸ್ತೆಗಿಂತ ತಗ್ಗಿಗೆ ಇಳಿದ ಮನೆಗಳನ್ನು ನೀವೂ ನೋಡಿರುತ್ತೀರಿ. ಜೋರು ಮಳೆ ಬಂದರೆ ಅಂಥ ಮನೆಯವರು ರಾತ್ರಿ ಬಕೆಟ್ಟು ಹಿಡಿದು ಕೂರುತ್ತಾರೆ. ಹೊಸ ಮನೆಯ ನೆಲ ರಸ್ತೆಯಿಂದ ಎರಡೂವರೆ, ಮೂರು ಅಡಿಯಾದರೂ ಮೇಲಿರಲಿ. ಆ ಎತ್ತರಕ್ಕೆ ಹಾಕುವ ಮಣ್ಣು, ಕಲ್ಲು, ಕೂಲಿ ಯಾವುದೂ ದಂಡವಲ್ಲ.

ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟು, ಹಾಕುವ ದಿನ ಬೆಂಗಳೂರಿನ ಮನೆ ಮಾಲೀಕರಿಗೆ ಹಬ್ಬ. ಸಿಹಿ ಹಂಚುತ್ತೇವೆ, ಫೋಟೋ ತೆಗೆಯುತ್ತೇವೆ. ಆ ದಿನ ನಿಮ್ಮ ಕಣ್ಣು ಇರಬೇಕಾದದ್ದು ಎರಡು ಕಡೆ. ಒಂದು, ಕಂಬಿಯ ಕೆಳಗೆ. ಕಂಬಿಗೂ ಸೆಂಟ್ರಿಂಗ್ ಹಲಗೆಗೂ ನಡುವೆ ಕವರ್ ಬ್ಲಾಕ್ ಎಂಬ ಸಣ್ಣ ಬಿಲ್ಲೆ ಇಡುತ್ತಾರೆ. ಸ್ಲ್ಯಾಬಿಗೆ 20 ಮಿಲಿಮೀಟರ್, ಪಿಲ್ಲರಿಗೆ 40, ಪಾಯಕ್ಕೆ 50. ಬೆಲೆ ತೀರಾ ಕಡಿಮೆ. ಇದರ ಬದಲು ಜಲ್ಲಿ ಚೂರೋ ಒಡೆದ ಟೈಲ್ಸ್ ಚೂರೋ ಇಟ್ಟರೆ, ತುಳಿದಾಟದಲ್ಲಿ ಅದು ಜಾರಿ ಕಂಬಿ ಹಲಗೆಗೇ ಅಂಟಿಕೊಳ್ಳುತ್ತದೆ. ಕಾಂಕ್ರೀಟಿನ ಹೊದಿಕೆ ಇಲ್ಲದ ಕಂಬಿಗೆ ತೇವ ತಾಗುತ್ತದೆ, ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಕೆಳಗಿನ ಗಾರೆ ಹೆಕ್ಕಳೆ ಹೆಕ್ಕಳೆಯಾಗಿ ಉದುರುತ್ತದೆ. ಬಾಲ್ಕನಿಯ ಅಡಿಯಲ್ಲಿ ಕೆಂಪು ಕಂಬಿ ಹೊರಗೆ ಕಾಣುವ ಮನೆಗಳಲ್ಲಿ ಬಹುಪಾಲು ಆಗಿರುವುದು ಇದೇ.

ಇನ್ನೊಂದು, ನೀರು. ಕಾಂಕ್ರೀಟು ಸರಾಗವಾಗಿ ಹರಿಯಲಿ, ಕೆಲಸ ಬೇಗ ಮುಗಿಯಲಿ ಎಂದು ಮಿಕ್ಸರಿಗೆ ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾರೆ. ಸಿಮೆಂಟು, ಮರಳು, ಜಲ್ಲಿ ಒಂದು, ಒಂದೂವರೆ, ಮೂರರ ಹದಕ್ಕೆ 50 ಕೆಜಿ ಸಿಮೆಂಟಿನ ಒಂದು ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೀಳಬಾರದೆಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಸಾವಿರ ಚದರಡಿಯ ಮೋಲ್ಡಿಗೆ ಹೆಚ್ಚುಕಡಿಮೆ ನೂರು ಚೀಲ ಸಿಮೆಂಟು ಬೇಕು. ಅಷ್ಟು ಚೀಲದ ಶಕ್ತಿಯನ್ನು ಹೆಚ್ಚಿನ ನೀರು ಕುಂದಿಸಿಬಿಡುತ್ತದೆ. ವಿಚಿತ್ರವೆಂದರೆ, ಬೆರೆಸುವಾಗ ಬೇಡದ ಆ ನೀರೇ ಗಟ್ಟಿಯಾದ ಮೇಲೆ ಕಾಂಕ್ರೀಟಿಗೆ ಎಷ್ಟಿದ್ದರೂ ಬೇಕು. ಕ್ಯೂರಿಂಗ್ ಕನಿಷ್ಠ 7 ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಾದರೆ 10ರಿಂದ 14 ದಿನ. ಸ್ಲ್ಯಾಬಿನ ಮೇಲೆ ಮಡಿ ಮಡಿಯಾಗಿ ಬದು ಕಟ್ಟಿ ನೀರು ನಿಲ್ಲಿಸಿ. ಪಿಲ್ಲರುಗಳಿಗೆ ಗೋಣಿಚೀಲ ಸುತ್ತಿ ಅದನ್ನು ಒಣಗಲು ಬಿಡಬೇಡಿ. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ, ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆದ್ದರಿಂದ ಕ್ಯೂರಿಂಗ್ ನೀರಿನ ಏರ್ಪಾಡನ್ನು ಕೆಲಸ ಶುರುವಾಗುವ ಮುಂಚೆಯೇ ಮಾಡಿಕೊಳ್ಳಿ. ಇಲ್ಲಿ ಬೇಕಾದದ್ದು ದುಡ್ಡಿಗಿಂತ ಹೆಚ್ಚಾಗಿ ತಾಳ್ಮೆ.

ನೀರಿನ ಪೈಪಿನ ವಿಷಯಕ್ಕೆ ಬರುತ್ತೇನೆ. ವಿಜಯನಗರದಲ್ಲಿ ನಾನು ಮೇಲ್ವಿಚಾರಣೆ ನೋಡಿಕೊಂಡ ಒಂದು ಮನೆಯಲ್ಲಿ, ಟೈಲ್ಸ್ ಹಾಕುವವರು ಬಂದು ಕೂತಿದ್ದಾರೆಂದು ಪೈಪಿನ ಪ್ರೆಶರ್ ಟೆಸ್ಟನ್ನು ಬಿಟ್ಟೆವು. ಮೂರು ವರ್ಷಕ್ಕೆ ಅಡುಗೆಮನೆಯ ಗೋಡೆಯಲ್ಲಿ ಅಂಗೈಯಷ್ಟಗಲ ಕಲೆ ಕಾಣಿಸಿತು. ಆರು ತಿಂಗಳಲ್ಲಿ ಅದು ಆಳೆತ್ತರವಾಯಿತು. ಮೇಲಿನ ಬಾತ್‌ರೂಮಿನ ಟೈಲ್ಸ್ ಕಿತ್ತು, ಗೋಡೆ ಕೊರೆದು, ಕೊನೆಗೆ ಸಿಕ್ಕಿದ್ದು ಒಂದು ಎಲ್ಬೋ. ಅಂಟು ಸರಿಯಾಗಿ ಹಿಡಿಯದೆ ಒಂದೇ ಸಮನೆ ಬೆವರುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದೆ, ಹುಣಸೆಹಣ್ಣಿನ ಉಂಡೆಯಷ್ಟು ಗಾತ್ರ. ಆ ಮನೆಯವರು ಹದಿನೈದು ದಿನ ಪಕ್ಕದ ಮನೆಗೆ ಹೋಗಿ ಸ್ನಾನ ಮಾಡಿ ಬಂದರು. ಅವತ್ತಿನಿಂದ ನಾನು ಯಾರ ಮನೆಯಲ್ಲೂ ಈ ಟೆಸ್ಟ್ ಬಿಟ್ಟಿಲ್ಲ. ಪೈಪೆಲ್ಲ ಕೂರಿಸಿದ ಮೇಲೆ ಒತ್ತಡದ ನೀರು ತುಂಬಿಸಿ ಇಟ್ಟು ನೋಡಿ. ಬಾತ್‌ರೂಮಿನ ತಗ್ಗು ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಒಂದು ಹನಿಯೂ ಒಸರಿಲ್ಲವೆಂದು ಖಾತ್ರಿಯಾದ ಮೇಲೆ ಟೈಲ್ಸಿಗೆ ಕೈ ಹಾಕಿ. ವೈರಿಂಗಿಗೂ ಇದೇ ನಿಯಮ. ಗೋಡೆಯೊಳಗೆ ಹೋಗುವ ವೈರು ಒಳ್ಳೆಯ ಗುಣಮಟ್ಟದ್ದಿರಲಿ. ಗೀಸರಿಗೆ 4 ಚದರ ಮಿಲಿಮೀಟರ್ ವೈರು, ಸರಿಯಾದ ಅರ್ಥಿಂಗ್, ಮನುಷ್ಯನಿಗೆ ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಇವು ಪ್ರಾಣದ ಮಾತು. ಸ್ವಿಚ್ಚಿನ ಬಣ್ಣದ ಪ್ಲೇಟು ಸಾದಾ ಇದ್ದರೂ ದೀಪ ಉರಿಯುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದವರು ನೀರಿನ ಬೆಲೆ ಬಲ್ಲವರು. 1933ರಲ್ಲಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು, 1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರು ಅದು. ನಲ್ಲಿಯಲ್ಲಿ ದಿನಬಿಟ್ಟು ದಿನ ಬಂದಾಗ ಹಿಡಿದಿಟ್ಟುಕೊಳ್ಳಲು ಸಂಪು ದೊಡ್ಡದಿರಬೇಕು. ಉದ್ದ, ಅಗಲ, ಆಳ ಮೂರೂ ಏಳೇಳು ಅಡಿ ಇದ್ದರೆ 9,700 ಲೀಟರಿನಷ್ಟು ಜಾಗ ಸಿಗುತ್ತದೆ. 6,000 ಲೀಟರಿನ ಟ್ಯಾಂಕರ್ ಬಂದು ನಿಂತಾಗ ಪೂರ್ತಿ ಇಳಿಸಿಕೊಳ್ಳಲಾಗದ ಸಂಪು ಕಟ್ಟಬೇಡಿ. ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿ ಹುದುಗಿದ ಸಂಪನ್ನು ಆಮೇಲೆ ಯಾರೂ ಹಿಗ್ಗಿಸಲಾರರು.

ಅದರ ಜೊತೆಗೇ ಮಳೆನೀರು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮೂವತ್ತು ನಲವತ್ತರ ಸೈಟಿನಲ್ಲಿ 80 ಚದರ ಮೀಟರ್ ತಾರಸಿ ಎಂದಿಟ್ಟುಕೊಂಡರೆ, ಬೀಳುವ ನೀರು 77,000 ಲೀಟರಿಗೂ ಹೆಚ್ಚು. ಸೋರಿ ಹೋದದ್ದು, ಆರಿ ಹೋದದ್ದು ಕಳೆದರೂ ಹತ್ತು ಟ್ಯಾಂಕರಿನಷ್ಟು ನೀರು ಕೈಗೆ ಸಿಗುತ್ತದೆ. ಈ ಅಳತೆಯ ಸೈಟಿನ ಹೊಸ ಮನೆಗೆ 2009ರಿಂದ ಮಳೆನೀರು ಕೊಯ್ಲು ಕಾನೂನಿನಲ್ಲೇ ಕಡ್ಡಾಯ. ನೋಡಿ ಕಲಿಯಬೇಕೆನ್ನುವವರಿಗೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮಳೆನೀರು ಕೊಯ್ಲು ಉದ್ಯಾನವನ್ನು ಜಲಮಂಡಳಿಯೇ ಮಾಡಿದೆ. ಕಾನೂನಿಗೆ ಹೆದರಿ ಒಂದು ಪೈಪು ತೋರಿಸಿ ಕೈ ತೊಳೆದುಕೊಳ್ಳಬೇಡಿ. ಪ್ಲಾನಿನಲ್ಲೇ ತಾರಸಿಯ ಇಳಿಜಾರು, ಫಿಲ್ಟರ್, ಇಂಗುಗುಂಡಿ ಎಲ್ಲಿ ಎಂದು ಗುರುತು ಹಾಕಿಸಿ.

ಗಾಳಿ, ಬೆಳಕು ಪುಕ್ಕಟೆ. ಆದರೆ ಅವು ಒಳಗೆ ಬರುವ ದಾರಿಯನ್ನು ಪ್ಲಾನ್ ಬರೆಸುವಾಗಲೇ ಬಿಡಬೇಕು. ನಮ್ಮೂರಿನಲ್ಲಿ ಮುಂಗಾರಿನ ಗಾಳಿ ಪಡುವಲಿಂದ ಬೀಸುತ್ತದೆ, ಚಳಿಗಾಲದ್ದು ಮೂಡಲಿಂದ. ಎದುರುಬದುರು ಎರಡು ಕಿಟಕಿ ಇಟ್ಟರೆ ವರ್ಷವಿಡೀ ಗಾಳಿ ಆಡುತ್ತದೆ. ಪಡುವಣ ಗೋಡೆಗೆ ದೊಡ್ಡ ಗಾಜು ಹಾಕಿಸಿದರೆ ಮಾರ್ಚ್, ಏಪ್ರಿಲಿನ ಸಂಜೆ ಬಿಸಿಲು ಹಾಲಿನೊಳಗೇ ಬಂದು ಕೂರುತ್ತದೆ. ಕಿಟಕಿಗೆ ಒಳ್ಳೆಯ ಸಜ್ಜಾ ಇರಲಿ. ಸೈಟು ಇಕ್ಕಟ್ಟಾಗಿದ್ದು ಪಕ್ಕದ ಮನೆಯ ಗೋಡೆ ಅಂಟಿಕೊಂಡಂತಿದ್ದರೆ ಮೆಟ್ಟಿಲ ಮೇಲಿಂದ ಬೆಳಕು ಇಳಿಯುವಂತೆ ಮಾಡಿಸಿ. ಹಗಲಲ್ಲೂ ಟ್ಯೂಬ್‌ಲೈಟ್ ಹಾಕಬೇಕಾದ ಮನೆಗೆ ಎಷ್ಟು ಬೆಲೆಯ ಮಾರ್ಬಲ್ ಹಾಕಿಸಿದರೂ ಅದು ಕತ್ತಲೆಯ ಮನೆಯೇ.

ಹಾಗಾದರೆ ಉಳಿಸುವುದು ಎಲ್ಲಿ? ಮೊದಲನೆಯದು ಎಲಿವೇಷನ್. ರಸ್ತೆಯಲ್ಲಿ ಹೋಗುವವರು ನೋಡುವುದು ಅರ್ಧ ನಿಮಿಷ. ಅವರಿಗಾಗಿ ಕಲ್ಲು ಹೊದಿಸಿ, ಗಾಜು ಕೂರಿಸಿ, ಸಾಲದ ಕಂತು ಬೆಳೆಸಬೇಡಿ. ಪಿಒಪಿ ಚಾವಣಿ ಬೇಡ. ಬೇಕೇ ಬೇಕೆಂದರೆ ಐದು ವರ್ಷ ಬಿಟ್ಟು ಮಾಡಿಸಿ. ಮುಂಬಾಗಿಲು ಒಂದಕ್ಕೆ ಗಟ್ಟಿ ಮರ ಸಾಕು, ಒಳಗೆ ಫ್ಲಶ್ ಡೋರ್ ಇರಲಿ. ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ನೀರು ತಡೆಯುವ ಪ್ಲೈವುಡ್, ಉಳಿದ ಕಡೆ ಸಾದಾ. ಹೊಸ ಗೋಡೆ ಚೆನ್ನಾಗಿ ಒಣಗಲು ಸಮಯ ಬೇಕು, ಆದ್ದರಿಂದ ಮೊದಲ ಸಲವೇ ದುಬಾರಿ ಪೇಂಟಿಗೆ ಹೋಗಬೇಡಿ. ನೆಲಕ್ಕೆ ಜಾರದ ಸಾದಾ ಟೈಲ್ಸ್ ಆಗುತ್ತದೆ. ನಮ್ಮ ತಂದೆ ಹಾಕಿಸಿದ ರೆಡ್ ಆಕ್ಸೈಡ್ ನೆಲ ನಮ್ಮ ಟೈಲ್ಸಿನ ಅಡಿಯಲ್ಲೇ ಇತ್ತು. ಒಡೆಯುವ ದಿನ ಟೈಲ್ಸ್ ಎದ್ದು ಬಂದ ಒಂದು ಮೂಲೆಯನ್ನು ನಮ್ಮ ತಾಯಿ ಒದ್ದೆ ಬಟ್ಟೆಯಿಂದ ಒರೆಸಿದರು. ಅದು ಕುಂಕುಮದ ಬಣ್ಣಕ್ಕೆ ತಿರುಗಿತು. "ಇದನ್ನ ಯಾಕೆ ಮುಚ್ಚಿದ್ವಿ ಮಗಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಗೋಡೆಯಲ್ಲೂ ಬುದ್ಧಿಯಿಂದ ಉಳಿಸಬಹುದು. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ನಮ್ಮಲ್ಲಿ ಬಳಕೆಗೆ ತಂದ ರ‍್ಯಾಟ್ ಟ್ರ್ಯಾಪ್ ವಿಧಾನದಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುತ್ತಾರೆ. ನಾಲ್ಕನೇ ಒಂದು ಪಾಲಿನಷ್ಟು ಇಟ್ಟಿಗೆ ಉಳಿಯುತ್ತದೆ, ಮನೆಯೂ ತಂಪಾಗಿರುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ, ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದಕ್ಕೆ ಗೂಡಿನಲ್ಲಿ ಸುಡುವ ಕೆಲಸವಿಲ್ಲ, ಗಿಲಾವೂ ಬೇಕಾಗಿಲ್ಲ. ಆದರೆ ಇಂಥದ್ದನ್ನು ಬಲ್ಲ ಮೇಸ್ತ್ರಿ ಸಿಕ್ಕರೆ ಮಾತ್ರ ಕೈ ಹಾಕಿ.

ವಯಸ್ಸಾದವರ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಕೆಳಗಿನ ಮಹಡಿಯನ್ನು ಬಾಡಿಗೆಗೆ ಬಿಟ್ಟು ತಾವು ಮೇಲೆ ಹೋಗುವುದು ನಮ್ಮ ಕಡೆ ರೂಢಿ. ಸಾಲದ ಕಂತಿಗೆ ಬಾಡಿಗೆ ಬೇಕು, ಅದು ನನಗೂ ಗೊತ್ತು. ಆದರೂ ಕೆಳಗೆ ಒಂದು ಕೋಣೆ, ಅದಕ್ಕೆ ಅಂಟಿದ ಜಾರದ ಬಾತ್‌ರೂಮು, ಮೂರಡಿ ಅಗಲದ ಬಾಗಿಲು ಅಪ್ಪ ಅಮ್ಮನಿಗೆಂದು ಇಟ್ಟುಕೊಳ್ಳಿ. ಮೆಟ್ಟಿಲಿನ ಎತ್ತರ ಏಳಿಂಚು ದಾಟದಿರಲಿ. ಮುಂದೊಂದು ದಿನ ಆ ಕೋಣೆ ನಮಗೇ ಬೇಕಾಗುತ್ತದೆ.

ಕೊನೆಯದಾಗಿ, ಮನೆ ಕಟ್ಟುವ ಕೈಗಳ ಬಗ್ಗೆ. ನಮ್ಮ ಮನೆಗಳನ್ನು ಎಬ್ಬಿಸುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರು ಬಹಳ ಜನ. ನಮ್ಮ ಮನೆಯ ಕೆಲಸ ಮುಗಿಯುವ ತನಕ ಸೈಟಿನ ಮೂಲೆಯ ಶೀಟಿನ ಶೆಡ್ಡಿನಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಇದ್ದರು. ಬೆಳಗಿನ ಜಾವ ಐದಕ್ಕೆ ಎದ್ದು ಗೋಡೆಗೆ ನೀರು ಹೊಡೆಯುತ್ತಿದ್ದುದು ಆ ತಾಯಿ. ಅವರು ಒಂದು ದಿನ ತಪ್ಪಿಸಿದ್ದರೂ ನನಗೆ ತಿಳಿಯುತ್ತಿರಲಿಲ್ಲ, ಗೋಡೆಗೆ ತಿಳಿಯುತ್ತಿತ್ತು. ಅವರಿಗೆ ಸೋರದ ಶೆಡ್ಡು, ಕುಡಿಯುವ ನೀರು, ಬಾಗಿಲಿರುವ ಶೌಚಾಲಯ, ಶನಿವಾರಕ್ಕೆ ಸರಿಯಾಗಿ ಬಟವಾಡೆ, ಇದರಲ್ಲಿ ಪೈಸೆಯನ್ನೂ ಉಳಿಸಬಾರದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡ ವೆಚ್ಚದ ಶೇಕಡಾ 1ರಷ್ಟು ಸೆಸ್ ಸಂಗ್ರಹವಾಗುತ್ತದೆ. ನಿಮ್ಮಲ್ಲಿ ಕೆಲಸ ಮಾಡುವವರಿಗೆ ಕಾರ್ಮಿಕ ಕಾರ್ಡು ಇದೆಯೇ ಎಂದು ಒಮ್ಮೆ ಕೇಳಿ, ಇಲ್ಲದಿದ್ದರೆ ಮಾಡಿಸಿಕೊಳ್ಳಲು ನೆರವಾಗಿ.

ಮನೆ ಕಟ್ಟಿ ನೋಡು ಎಂದರು ಹಿರಿಯರು. ಅದರಲ್ಲಿ 'ನೋಡು' ಎಂಬ ಮಾತನ್ನೂ ನಾವು ಕೇಳಿಸಿಕೊಳ್ಳಬೇಕು. ಪಾಯ ತುಂಬುವ ದಿನ, ಕಂಬಿ ಕಟ್ಟಿದ ದಿನ, ಪೈಪು ಮುಚ್ಚುವ ದಿನ, ಈ ಮೂರು ದಿನ ರಜೆ ಹಾಕಿ ಸೈಟಿನಲ್ಲಿ ನಿಂತು ನೋಡಿ, ಫೋಟೋ ತೆಗೆದಿಡಿ. ಟೈಲ್ಸ್ ಆರಿಸಲು ಅಂಗಡಿ ಅಂಗಡಿ ಸುತ್ತಿ ಕಳೆಯುವ ಸಮಯದಲ್ಲಿ ಸ್ವಲ್ಪವನ್ನು ಇದಕ್ಕೆ ಕೊಡಿ.

ಗುದ್ದಲಿ ಪೂಜೆಗೆ ಮುಂಚೆ ಮನೆಯವರೆಲ್ಲ ಒಟ್ಟಿಗೆ ಕೂತು ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಒಡೆಯದೆ ಬದಲಾಯಿಸಲಾಗದ್ದನ್ನು ಎಡಕ್ಕೆ, ಬದಲಾಯಿಸಬಹುದಾದದ್ದನ್ನು ಬಲಕ್ಕೆ ಬರೆಯಿರಿ. ಎಡಗಡೆಯ ಪಟ್ಟಿಗೆ ಬೇಕಾದ ಹಣವನ್ನು ಮೊದಲು ಪೂರ್ತಿ ತೆಗೆದಿಡಿ. ಉಳಿದದ್ದರಲ್ಲಿ ಬಲಗಡೆಯದನ್ನು ಮಾಡಿ. ಏನೂ ಉಳಿಯದಿದ್ದರೆ ಗೋಡೆಗೆ ಸುಣ್ಣ ಬಳಿದು, ದೇವರ ಮುಂದೆ ದೀಪ ಹಚ್ಚಿ, ಹಾಲು ಉಕ್ಕಿಸಿ ಗೃಹಪ್ರವೇಶ ಮಾಡಿ. ಆ ಮನೆ ಗಟ್ಟಿಯಾಗಿ ನಿಲ್ಲುತ್ತದೆ, ಮಿಕ್ಕದ್ದನ್ನು ನಿಮ್ಮ ಮಕ್ಕಳು ಮಾಡಿಕೊಳ್ಳುತ್ತಾರೆ.